ತಲೆಗೆ ಇಪ್ಪತ್ತೈದು ಕಿಲೋ

ಆ ಬೀದಿಯವರೆಲ್ಲ ಅವನನ್ನು ತಕ್ಕಡಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವನು ಎಲ್ಲೂ ಪಾಠ ಹೇಳಿದವನಲ್ಲ. ಅಂಗಡಿಗಳ ತಕ್ಕಡಿ ತಂದು ಬಿಚ್ಚಿ, ತೊಳೆದು, ಸರಿದೂಗಿಸಿ ಮರಳಿ ಒಪ್ಪಿಸುವುದು ಅವನ ಕಸುಬು. ಆದರೆ ತಪ್ಪು ತೂಕ ಕಂಡರೆ ಮೇಷ್ಟರಂತೆಯೇ ಕಿವಿ ಹಿಂಡುವನು. ತಟ್ಟೆಯ ಅಡಿಗೆ ಕಡಲೆಕಾಳಿನಷ್ಟು ಮೇಣ ಮೆತ್ತಿದ್ದ ಅಂಗಡಿಯವನೊಬ್ಬನಿಗೆ ಗಿರಾಕಿಗಳ ಎದುರಿನಲ್ಲೇ ನೀರಿಳಿಸಿ ಬಂದಿದ್ದುಂಟು. ಯಾವ ತಕ್ಕಡಿ ಎದುರಿಗೆ ಬಂದರೂ ಅವನ ಮೊದಲ ಮಾತು ಒಂದೇ: "ಬರಿ ತಟ್ಟೆ ತೋರಿಸು." ಏನೂ ಇಲ್ಲದಾಗ ಮುಳ್ಳು ನೆಟ್ಟಗೆ ನಿಂತರೆ ಮಾತ್ರ ಅವನಿಂದ ಎರಡನೆಯ ಮಾತು.

ಮನೆಯೆಂದರೆ ಎರಡು ಕೋಣೆ ಮತ್ತು ಒಂದು ಅಡುಗೆಮನೆ. ಬೀದಿಗೆ ಬಾಗಿಲು ತೆರೆದ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಅಲ್ಲೊಂದು ಮೇಜು, ಗೋಡೆಯ ಮೊಳೆಗಳಿಗೆ ತೂಗುಬಿದ್ದ ತಕ್ಕಡಿ ದಂಡಿಗೆಗಳು, ಮೂಲೆಯಲ್ಲಿ ಮೂಟೆ ತೂಗುವ ನೆಲದ ತಕ್ಕಡಿ. ಹೆಂಡತಿ ಊರ ದೊಡ್ಡಾಸ್ಪತ್ರೆಯಲ್ಲಿ ದಾದಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡು ಅವಳದು. ತಾಯಿಗೆ ಎಪ್ಪತ್ತೆರಡು, ಮಂಡಿ ಸೋತಿದ್ದರೂ ಬಾಯಿ ಸೋತಿರಲಿಲ್ಲ. ಹದಿನಾರರ ಮಗಳು ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಜ್ಜಿ ಇಟ್ಟ ಹೆಸರು ಪಾವು. ಈಗ ಅಪ್ಪನಿಗಿಂತ ಎರಡು ಬೆರಳು ಎತ್ತರವಾಗಿದ್ದರೂ ಆ ಹೆಸರು ಮಾತ್ರ ಬೆಳೆಯಲಿಲ್ಲ.

ಹೊರದೇಶಕ್ಕೆ ಹೊರಡುವ ಮಾತು ಮನೆಗೆ ಬಂದದ್ದು ಆಸ್ಪತ್ರೆಯ ಆಡಳಿತ ಬದಲಾದ ಮೇಲೆ. ವರ್ಷದ ಕೊನೆಗೆ ಅರ್ಧಕ್ಕರ್ಧ ದಾದಿಯರನ್ನು ಕಳಿಸಿಬಿಡುತ್ತಾರೆಂಬ ಸುದ್ದಿ ವಾರ್ಡಿನಿಂದ ವಾರ್ಡಿಗೆ ಹರಿದಾಡುತ್ತಿತ್ತು. ಇತ್ತ ಅಂಗಡಿಗಳೆಲ್ಲ ಅಂಕಿ ಮಿನುಗುವ ಕರೆಂಟಿನ ತಕ್ಕಡಿಗೆ ತಿರುಗಿದ್ದವು. ಮೇಷ್ಟರ ಮೇಜಿನ ಮೇಲೆ ವಾರಕ್ಕೆ ಒಂದು ತಕ್ಕಡಿ ಬಂದರೆ ಹೆಚ್ಚು. ಹೆಂಡತಿ ಯಾರ್‍ಯಾರನ್ನೋ ವಿಚಾರಿಸಿ ಅರ್ಜಿ ಹಾಕಿದಳು. ಒಂದೇ ದೇಶದ ಎರಡು ಊರುಗಳಿಂದ ಒಂದೇ ವಾರ ಎರಡು ಕಾಗದ ಬಂದವು.

ಮೊದಲನೆಯದು ಬಂದರು ನಗರದ ಆಸ್ಪತ್ರೆಯದು. ಕೂಸುಗಳ ವಾರ್ಡಿನದೇ ಕೆಲಸ, ಹನ್ನೊಂದನೆಯ ಮಹಡಿಯಲ್ಲಿ ವಸತಿ. ಆದರೆ ಅದು ಇನ್ನೂ ಗಟ್ಟಿಯಿಲ್ಲ. ಕಾಗದಪತ್ರ ನೋಡಿ, ಫೋನಿನಲ್ಲಿ ಮಾತಾಡಿಸಿ, ಆಮೇಲೆ ತಿಳಿಸುವುದಾಗಿ ಬರೆದಿದ್ದರು. ಎರಡನೆಯದು ಒಳನಾಡಿನ ಸಣ್ಣ ಪೇಟೆಯ ವೃದ್ಧರ ಆರೈಕೆ ಮನೆಯದು. ಮೀಯಿಸುವುದು, ಉಣಿಸುವುದು, ಹಾಸಿಗೆ ಬದಲಿಸುವುದು. ಕೆಲಸ ಗಟ್ಟಿ; ನೆಲಮಟ್ಟದ ಮನೆ, ಮುಂದುಗಡೆ ಬೀದಿಗೆ ತೆರೆದುಕೊಂಡ ಒಂದು ಕೋಣೆ. ಇಪ್ಪತ್ತನೆಯ ತಾರೀಕಿನೊಳಗೆ ಹೌದು ಅಥವಾ ಇಲ್ಲ ಎಂದು ತಿಳಿಸಬೇಕಿತ್ತು.

ಎರಡೂ ಊರುಗಳ ಹೆಸರು ನಾಲಿಗೆಗೆ ಹೊರಳದೆ ಅಜ್ಜಿ ಒಂದನ್ನು ಮೇಲಿನ ಮನೆ, ಇನ್ನೊಂದನ್ನು ಕೆಳಗಿನ ಮನೆ ಎಂದಳು. ಮನೆಯವರೆಲ್ಲ ಹಾಗೇ ಕರೆಯತೊಡಗಿದರು.

"ನಿನಗ್ಯಾವುದೇ ಬೇಕು?" ಎಂದು ಆ ಸಂಜೆ ಊಟಕ್ಕೆ ಕುಳಿತಾಗ ಅಜ್ಜಿ ಸೊಸೆಯನ್ನು ಕೇಳಿದಳು.

"ನನಗೆ ಎಲ್ಲಾದ್ರೂ ಸರಿ ಅತ್ತೆ. ಎಲ್ಲಿ ಹೋದ್ರೂ ಕೆಲಸ ತಾನೇ?" ಎನ್ನುತ್ತ ಅವಳು ಎಲ್ಲರ ತಟ್ಟೆಗೂ ಬೇಳೆ ಬಡಿಸಿದಳು.

"ನನಗೆ ಮೇಲಿನ ಮನೆ," ಎಂದಳು ಪಾವು. "ಕಾಲೇಜು ಎದುರಿಗೇ ಇದೆ. ಕಿಟಕಿಯಿಂದ ಹಡಗು ಕಾಣುತ್ತಂತೆ."

"ಹಡಗು ನೋಡಿ ಪಾಸಾಗ್ತೀಯಾ? ಹನ್ನೊಂದು ಮಹಡಿ ಯಾರು ಹತ್ತೋದು?"

"ಲಿಫ್ಟ್ ಇರುತ್ತೆ ಅಜ್ಜಿ."

"ಅದು ಕೆಟ್ಟ ದಿನ ನನ್ನ ಹೆಣ ಇಳಿಸೋಕೆ ಹಗ್ಗ ಕಟ್ತೀರೇನು?"

ಮೇಷ್ಟ್ರು ನಕ್ಕ. ಅವನ ಮನಸ್ಸಾಗಲೇ ಕೆಳಗಿನ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕುಳಿತಿತ್ತು. ಆ ಪೇಟೆಯಲ್ಲಿ ವಾರಕ್ಕೆ ಎರಡು ದಿನ ತರಕಾರಿ ಮಾರುಕಟ್ಟೆ ನಡೆಯುತ್ತದೆಂದೂ ಅಲ್ಲಿನ ರೈತರು ಇನ್ನೂ ಕಬ್ಬಿಣದ ತಕ್ಕಡಿಯಲ್ಲೇ ತೂಗುತ್ತಾರೆಂದೂ ಅವನು ಮಗಳ ಕೈಯಿಂದ ಫೋನಿನಲ್ಲಿ ಹುಡುಕಿಸಿ ತಿಳಿದುಕೊಂಡಿದ್ದ. "ಅಮ್ಮನ ಮಂಡಿಗೆ ಕೆಳಗಿನ ಮನೆಯೇ ಒಳ್ಳೇದು," ಎಂದ.

"ನನ್ನ ಮಂಡಿ ಹೆಸರಲ್ಲಿ ನಿನ್ನ ಅಂಗಡಿ ಇಡಬೇಡ," ಎಂದಳು ತಾಯಿ. "ನನಗೆ ಗಾಳಿ ಬಂದರೆ ಸಾಕು, ಎಲ್ಲಾದರೂ ಬಿದ್ದಿರ್ತೀನಿ."

ಮರುದಿನ ಅಡುಗೆಮನೆಯ ಗೋಡೆಗೆ ಎರಡು ಪಟ್ಟಿ ಅಂಟಿದವು: ಮೇಲಿನ ಮನೆಗೆ ಒಯ್ಯುವುದು, ಕೆಳಗಿನ ಮನೆಗೆ ಒಯ್ಯುವುದು. ವಿಮಾನದಲ್ಲಿ ತಲೆಗೆ ಇಪ್ಪತ್ತೈದು ಕಿಲೋ; ನಾಲ್ವರಿಂದ ನೂರು. ಯಾರಿಗೆ ಏನು ಹೊಳೆದರೂ ಬಂದು ಬರೆಯಬೇಕು. ದಪ್ಪ ತಳದ ಪಾತ್ರೆ ಎರಡರಲ್ಲೂ ಇತ್ತು. ಪಾವು ಮೇಲಿನ ಮನೆಯ ಪಟ್ಟಿಯಲ್ಲಿ ದುರ್ಬೀನು ಎಂದು ಬರೆದಳು. ಮನೆಯಲ್ಲಿ ದುರ್ಬೀನು ಇರಲಿಲ್ಲ. ಅಜ್ಜಿ ತನ್ನ ಹಾಸಿಗೆ, ದಿಂಬು, ಬಿಸಿನೀರಿನ ಚೀಲ, ಒರಳುಕಲ್ಲು ಎಂದು ಬರೆಸಿದಳು. ಒರಳುಕಲ್ಲನ್ನು ಮೊಮ್ಮಗಳು ಬರೆದಂತೆ ಮಾಡಿ ಬರೆಯಲಿಲ್ಲ. ಹೆಂಡತಿ ಎರಡರಲ್ಲೂ ಒಂದೇ ಸಾಲು ಬರೆದಳು: ಸೆಕೆಂಡಿನ ಮುಳ್ಳಿರುವ ಕೈಗಡಿಯಾರ, ವಾರ್ಡಿನ ಚಪ್ಪಲಿ, ದಪ್ಪ ಪುಸ್ತಕ. ಆ ಪುಸ್ತಕ ನವಜಾತ ಶಿಶುಗಳ ಶುಶ್ರೂಷೆಯದು. ಕಲಿಯುವಾಗ ಕೊಂಡದ್ದು, ಅಂಚಿನ ತುಂಬ ಅವಳ ಸಣ್ಣ ಅಕ್ಷರಗಳು.

ಕೆಳಗಿನ ಮನೆಯ ಪಟ್ಟಿಯ ಕೊನೆಗೆ ಮೇಷ್ಟ್ರು ದುಂಡಕ್ಷರದಲ್ಲಿ "ತೂಕದ ಕಲ್ಲುಗಳು" ಎಂದು ಬರೆದ. ತಕ್ಕಡಿ ಪರೀಕ್ಷೆಗೆಂದು ಇಟ್ಟುಕೊಂಡ, ಕೂದಲೆಳೆಯಷ್ಟೂ ತಪ್ಪದ ಕಲ್ಲುಗಳವು: ಹತ್ತರದೊಂದು, ಐದರದೊಂದು, ಎರಡರವೆರಡು, ಒಂದರದೊಂದು, ಜೊತೆಗೆ ಹಿತ್ತಾಳೆಯ ಸಣ್ಣ ಕಲ್ಲುಗಳ ಮರದ ಪೆಟ್ಟಿಗೆ. ಒಟ್ಟು ಇಪ್ಪತ್ತಮೂರು ಕಿಲೋ.

"ಅಂದರೆ ನೀನು ಎರಡು ಕಿಲೋ ಬಟ್ಟೇಲಿ ಬರ್ತೀಯಾ?" ಎಂದಳು ತಾಯಿ. "ಊರೋರು ಸಾಮಾನು ತೂಗಿ ಒಯ್ದರೆ ಇವನು ತೂಕಾನೇ ತೂಗಿ ಒಯ್ತಾನೆ."

"ಅದಿಲ್ಲದೆ ನಾನು ಅಲ್ಲಿ ಏನು ಮಾಡ್ಲಿ?"

"ನನ್ನ ಪಾಲಲ್ಲಿ ಜಾಗ ಇದೆ," ಎಂದಳು ಹೆಂಡತಿ. "ನಿಮ್ಮ ಬಟ್ಟೆ ಅದರಲ್ಲಿಡಿ."

ಮೊದಲ ಭಾನುವಾರ ತಾಲೀಮು ನಡೆಯಿತು. ನಾಲ್ಕು ಪೆಟ್ಟಿಗೆಗಳನ್ನೂ ಕೆಳಗಿನ ಮನೆಯ ಪಟ್ಟಿಯಂತೆ ತುಂಬಿ, ಮುಂದಿನ ಕೋಣೆಯ ನೆಲದ ತಕ್ಕಡಿಯ ಮೇಲೆ ಒಂದರ ಮೇಲೊಂದು ಪೇರಿಸಿದರು. ಹೊತ್ತು ತಂದು ಎಲ್ಲರಿಗೂ ಏದುಸಿರು. ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಊರುಗೋಲಿನ ಮೇಲೆ ಎರಡೂ ಕೈಯೂರಿ ಅಜ್ಜಿ ಮೇಲ್ವಿಚಾರಣೆಗೆ ಕುಳಿತಿದ್ದಳು. ಮೇಷ್ಟ್ರು ಕಲ್ಲು ಸರಿಸಿ ನೋಡಿದ. ನೂರಾ ಮೂರು.

"ಮೂರು ಕಿಲೋ ಜಾಸ್ತಿ," ಎಂದ.

ಪಾತ್ರೆ ತೆಗೆದರೆ ಅಡುಗೆಯಿಲ್ಲ, ಹೊದಿಕೆ ತೆಗೆದರೆ ಚಳಿ. ಹೆಂಡತಿ ಮೇಲಿನ ಪೆಟ್ಟಿಗೆ ತೆರೆದು ದಪ್ಪ ಪುಸ್ತಕವನ್ನೂ ಒಂದು ಜೊತೆ ಬಟ್ಟೆಯನ್ನೂ ಹೊರಗೆ ತೆಗೆದಳು. "ವೃದ್ಧರ ಮನೇಲಿ ಇದೇನು ಕೆಲಸಕ್ಕೆ ಬರುತ್ತೆ?" ಎಂದಳು.

"ಇಟ್ಕೋಮ್ಮಾ, ನನ್ನ ಬೂಟು ತೆಗೀತೀನಿ," ಎಂದಳು ಪಾವು.

"ಬೇಡ ಬಿಡು. ಸರಿ ಇದೆಯಾ ಈಗ?"

"ಸರಿಯಾಯ್ತು," ಎಂದ ಮೇಷ್ಟ್ರು. ಅವನಿಗೆ ಹಗುರವಾಯಿತು.

ಒಂಬತ್ತನೆಯ ತಾರೀಕು, ಮಧ್ಯಾಹ್ನ. ಕೂಸುಗಳ ವಾರ್ಡಿನೊಳಗೆ ಫೋನು ಒಯ್ಯುವಂತಿಲ್ಲವಾದ್ದರಿಂದ ಹೆಂಡತಿಯ ಫೋನು ಹಗಲೆಲ್ಲ ಅವನ ಮೇಜಿನ ಮೇಲೇ ಇರುತ್ತಿತ್ತು. ಅದು ಹೊಡೆದುಕೊಂಡಿತು. ಬಂದರಿನ ಆಸ್ಪತ್ರೆಯ ಹೆಂಗಸು. ದಾದಿಯವರು ಯಾವ ವಾರ್ಡಿನಲ್ಲಿ ಎಷ್ಟು ತಿಂಗಳು ದುಡಿದರೆಂದು ಈಗಿನ ಆಸ್ಪತ್ರೆಯವರು ಬರೆದುಕೊಟ್ಟ ಅನುಭವ ಪತ್ರವೊಂದು ಬೇಕು, ಹದಿನೆಂಟರೊಳಗೆ ತಲುಪಬೇಕು, ಅದಿಲ್ಲದೆ ಮುಂದಿನ ಮಾತಿಲ್ಲ ಎಂದಳು.

"ಹೇಳ್ತೀನಿ," ಎಂದ ಮೇಷ್ಟ್ರು. ಒಂದು ಚೀಟಿಯ ಮೇಲೆ ತನ್ನ ದುಂಡಕ್ಷರದಲ್ಲಿ ಎಲ್ಲವನ್ನೂ ಬರೆದುಕೊಂಡ.

ಆ ಸಂಜೆ ಅವಳು ಬಂದಾಗ ಕಾಲು ಊದಿಕೊಂಡಿದ್ದವು. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಳಿಬಿಟ್ಟು ಅವಳು ಕಣ್ಣು ಮುಚ್ಚಿದಳು. ಊಟವಾದ ಮೇಲೆ ಹೇಳಿದರಾಯಿತು ಎಂದುಕೊಂಡ. ಊಟವಾದ ಮೇಲೆ ನಲ್ಲಿಯ ವಾಷರು ಹೋಗಿ ನೀರು ಸೋರುತ್ತಿತ್ತು. ಮಾರನೆಯ ದಿನ ತಾಯಿಗೆ ಮಂಡಿನೋವು. ಅದರ ಮಾರನೆಯ ದಿನ ಅವಳೇ ಕೇಳಿದಳು: "ಯಾರಾದ್ರೂ ಫೋನ್ ಮಾಡಿದ್ರಾ?"

"ಯಾವ ಫೋನು?" ಎಂದ ಅವನು. ಇಲ್ಲ ಎನ್ನಲಿಲ್ಲ. ಆ ಹೊತ್ತಿಗೆ ಚೀಟಿ ಹಿತ್ತಾಳೆ ಕಲ್ಲುಗಳ ಮರದ ಪೆಟ್ಟಿಗೆಯ ಅಡಿಗೆ ಹೋಗಿತ್ತು.

ದಿನಕ್ಕೆ ಹತ್ತು ಸಲ ಹೇಳಬೇಕೆಂದು ಬಾಯಿ ತೆರೆದು ಬೇರೇನೋ ಹೇಳುವುದೇ ಅವನ ಕೆಲಸವಾಯಿತು. ದಿನಸಿ ಗೋದಾಮಿನ ತಕ್ಕಡಿ ಸರಿಮಾಡಲು ಹೋದವನು ತಿರುಪುಳಿ ಕೈ ಜಾರಿ ಹೆಬ್ಬೆರಳು ಕುಯ್ದುಕೊಂಡು ಬಂದ. ಬಾಗಿಲು ತಟ್ಟಿದರೆ ಬೆಚ್ಚುವನು. ಹೆಂಡತಿ ಗಾಯಕ್ಕೆ ಬಟ್ಟೆ ಸುತ್ತುತ್ತ, "ಏನಾಗಿದೆ ನಿಮಗೆ? ಹೋಗೋ ಯೋಚನೇನಾ?" ಎಂದಾಗ ಹೂಂ ಎಂದ. "ನನಗೂ ನಿದ್ದೆ ಬರ್ತಿಲ್ಲ," ಎಂದಳು ಅವಳು.

ಹದಿನಾಲ್ಕರಂದು ಪಾವು ಬೂಟು ಬದಲಿಸಲೆಂದು ಪೆಟ್ಟಿಗೆ ತೆರೆದವಳು ಮತ್ತೊಮ್ಮೆ ತೂಗೋಣವೆಂದಳು. ಈ ಸಲ ಅಜ್ಜಿ ಒಳಗೆ ಮಲಗಿದ್ದಳು. ತೂಕ ತೊಂಬತ್ತೇಳು ಬಂತು.

"ಅಪ್ಪಾ, ನೂರು ಇರಬೇಕಲ್ವಾ?"

ಮೇಷ್ಟ್ರು ಬಂದು ಬಗ್ಗಿ ನೋಡಿದ. ಮತ್ತೆ ನೋಡಿದ. ಆಗ ಒಳಗಿನಿಂದ ಎದ್ದುಬಂದ ಅಜ್ಜಿ ತನ್ನ ಕುರ್ಚಿಯಲ್ಲಿ ಕುಳಿತು, ಎಂದಿನಂತೆ ಊರುಗೋಲನ್ನು ತಕ್ಕಡಿಯ ಹಲಗೆಯ ಅಂಚಿಗೇ ಊರಿದಳು. ಮುಳ್ಳು ಮೇಲಕ್ಕೆದ್ದಿತು.

ಪಾವು ಬಿದ್ದು ಬಿದ್ದು ನಕ್ಕಳು. "ಅಜ್ಜಿ, ಊರ ಕಳ್ಳರನ್ನೆಲ್ಲ ಹಿಡಿದ ಅಪ್ಪನ ಮುಂದೇನೇ ಮೂರು ಕಿಲೋ ಹೊಡೆದಿದ್ದೀಯಲ್ಲ."

"ನನ್ನ ಕೋಲು ಎಲ್ಲಿಡಲಿ ಮತ್ತೆ, ತಲೆ ಮೇಲಾ?" ಅಜ್ಜಿ ಮಗನ ಕಡೆ ತಿರುಗಿದಳು. "ಬರಿ ತಟ್ಟೆ, ಬರಿ ತಟ್ಟೆ ಅಂತ ಊರೆಲ್ಲ ಸಾರ್ತೀಯ. ಆವತ್ತು ಯಾಕೋ ನೋಡಲಿಲ್ಲ?"

ಅವನು ಬಗ್ಗಿ ಊರುಗೋಲನ್ನು ಹಲಗೆಯಿಂದ ಸರಿಸಿಟ್ಟ. ಸಂಜೆ ಹೆಂಡತಿ ಬಂದೊಡನೆ ಪುಸ್ತಕ ಮತ್ತೆ ಪೆಟ್ಟಿಗೆಗೆ ಹಾಕಬಹುದೆಂದು ತಾನೇ ಹೇಳಿದ.

"ಅದನ್ನ ಕೊಟ್ಟುಬಿಟ್ಟೆ," ಎಂದಳು ಅವಳು, ಚಹಾ ಸೋಸುತ್ತ. "ಹೊಸದಾಗಿ ಸೇರಿದ ಹುಡುಗಿ ಒಬ್ಬಳಿಗೆ. ಪಾಪ, ಮೂಗಿನ ನಳಿಗೆ ಹಾಕೋಕೂ ಕೈ ನಡುಗುತ್ತೆ ಅವಳಿಗೆ."

"ವಾಪಸ್ ಕೇಳಿದ್ರಾಯ್ತು."

"ಕೊಟ್ಟಿದ್ದನ್ನ ಕೇಳ್ತಾರಾ?"

ಹದಿನಾರರ ಸಂಜೆ ಅವನು ಗೋದಾಮಿನಿಂದ ಮರಳಿದಾಗ ಎಲ್ಲರೂ ಅಡುಗೆಮನೆಯಲ್ಲಿದ್ದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಈರುಳ್ಳಿ ಮೇಜಿನ ಮೇಲಿದ್ದವು. ಯಾರೂ ಮುಟ್ಟಿರಲಿಲ್ಲ. ಅವನು ಕೈ ತೊಳೆದು ಕುಳಿತ.

"ಬಂದರಿನೋರು ಫೋನ್ ಮಾಡಿದ್ರು," ಎಂದಳು ಪಾವು, ತಟ್ಟೆ ನೋಡುತ್ತ. "ನಾನು ಎತ್ತಿದೆ. ಅನುಭವ ಪತ್ರ ಯಾಕೆ ಬರಲಿಲ್ಲ, ನಿಮ್ಮನೆಯೋರಿಗೆ ಮೊದಲೇ ಹೇಳಿದ್ವಲ್ಲ ಅಂದ್ರು."

ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. "ಯಾವತ್ತು ಬಂದಿತ್ತು ರೀ ಮೊದಲನೇ ಫೋನು?"

"ಒಂಬತ್ತಕ್ಕೆ."

ಅವಳು ಬೆರಳು ಮಡಿಸಿದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋಯಿತು. "ಏಳು ದಿನ."

"ಹೇಳೋಣ ಅಂತಾನೇ ಇದ್ದೆ. ನೀನು ಸುಸ್ತಾಗಿ ಬರ್ತಿದ್ದೆ, ಅಮ್ಮನಿಗೆ ಬೇರೆ ಹುಷಾರಿರಲಿಲ್ಲ…"

"ನನ್ನ ಮಂಡಿ ಮತ್ತೆ ಬಂತೇನೋ?" ಎಂದಳು ತಾಯಿ. "ಇನ್ನೊಬ್ಬರ ಅಂಗಡೀಲಿ ಕಡಲೆಕಾಳಷ್ಟು ಮೇಣ ಕಂಡರೆ ಮಾನ ಕಳೀತಿದ್ದೆ. ಮನೇಲಿ ನೀನು ಇಟ್ಟಿದ್ದು ಎಷ್ಟು ಗಾತ್ರದ್ದು?"

"ನೀನು ಸುಮ್ಮನಿರಮ್ಮ." ಅವನ ದನಿ ಏರಿತು. "ಇವಳೇ ಹೇಳಿದ್ದಲ್ವಾ, ಎಲ್ಲಾದ್ರೂ ಸರಿ ಅಂತ? ನಿಮ್ಮೆಲ್ಲರ ಮುಂದೇನೇ ಹೇಳಿದ್ದು. ನಾನೇನು ಇವಳ ಬಾಯಿ ಕಟ್ಟಿದ್ನಾ? ಅಲ್ಲಿ ಹನ್ನೊಂದನೇ ಮಹಡೀಲಿ ಕೂತು ನಾನೇನು ಗಾಳಿ ತೂಗಲಾ? ಐವತ್ತು ತುಂಬ್ತಾ ಬಂತು. ಹೆಂಡತಿ ದುಡಿದು ತರ್ತಾಳೆ, ಇವನು ಬಾಗಿಲು ತೆಗೀತಾನೆ ಅಂತ ಅನ್ನಿಸ್ಕೊಳ್ಳಲಾ?"

"ಎಲ್ಲಾದ್ರೂ ಸರಿ ಅಂದಿದ್ದು ನಿಜ," ಎಂದಳು ಹೆಂಡತಿ. ಅವಳು ದನಿ ಏರಿಸಲಿಲ್ಲ. "ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ಎಲ್ಲದಕ್ಕೂ ಅದನ್ನೇ ಹೇಳಿದ್ದೀನಿ. ಒಂದು ದಿನನಾದ್ರೂ ನಿಜಾನಾ ಅಂತ ಕೇಳಿದ್ರಾ?"

"ಮನಸ್ಸಲ್ಲಿ ಇಟ್ಕೊಂಡಿದ್ರೆ ಹೆಂಗೆ ಗೊತ್ತಾಗಬೇಕು?"

"ಗೊತ್ತಿತ್ತು ನಿಮಗೆ. ಗೊತ್ತಿಲ್ಲದಿದ್ರೆ ಫೋನ್ ಬಂದಿದ್ದನ್ನ ಯಾಕೆ ಬಚ್ಚಿಡ್ತಿದ್ರಿ?"

ಅವಳೆದ್ದು, ಇನ್ನೂ ಯಾರೂ ಉಣ್ಣದ ತಟ್ಟೆಗಳನ್ನು ಬಿಟ್ಟು, ಬೆಳಗಿನ ಪಾತ್ರೆಗಳನ್ನು ತೊಳೆಯತೊಡಗಿದಳು. ಪಾವು ಅಮ್ಮನ ಪಕ್ಕಕ್ಕೆ ಹೋಗಿ ಒರೆಸುವ ಬಟ್ಟೆ ಹಿಡಿದು ನಿಂತಳು.

ಬೆಳಿಗ್ಗೆ ಅವಳು ಹೊರಡುವ ಮೊದಲೇ ಅವನು ಆಸ್ಪತ್ರೆಯ ದಾಖಲೆ ಕಚೇರಿಯ ಕಿಟಕಿಯೆದುರು ನಿಂತಿದ್ದ. ಹತ್ತು ಗಂಟೆಗೆ ಗುಮಾಸ್ತೆ ಬಂದಳು; ಕನ್ನಡಕ ಒರೆಸಿಕೊಂಡಳು; ಅನುಭವ ಪತ್ರಕ್ಕೆ ಐದು ಕೆಲಸದ ದಿನ ಬೇಕೆಂದಳು.

"ನಾಳೆಯೊಳಗೆ ಕಳಿಸಬೇಕಮ್ಮ."

"ಎಲ್ಲರೂ ನಾಳೆ ಅಂತಾನೇ ಬರ್ತಾರೆ. ಗೊತ್ತಾದ ದಿನಾನೇ ಬರೋಕೇನಾಗಿತ್ತು?"

"ತಪ್ಪು ನನ್ನದು. ನಾನು ಹೇಳೋದು ತಡವಾಯ್ತು."

ಗುಮಾಸ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇಂಥ ಉತ್ತರ ಅವಳ ಕಿಟಕಿಗೆ ದಿನಾ ಬರುವಂಥದ್ದಲ್ಲ. "ಹಾಜರಿ ಪುಸ್ತಕ ತೆಗೆಸ್ತೀನಿ. ಆದರೆ ಅರ್ಜಿಗೆ ಅವರದ್ದೇ ಸಹಿ ಬೇಕು. ಗಂಡ ಬಂದ್ರೆ ನಡೆಯಲ್ಲ."

ಅರ್ಜಿ ಹಿಡಿದು ಅವನು ಮೂರನೆಯ ಮಹಡಿಗೆ ಹತ್ತಿದ. ಕೂಸುಗಳ ವಾರ್ಡಿನ ಬಾಗಿಲಲ್ಲಿ ಕಾವಲಿನವಳು ತಡೆದಳು. ಗಾಜಿನಾಚೆಯಿಂದ ನೋಡಬಹುದು, ಒಳಗೆ ಬಿಡುವಂತಿಲ್ಲ. ಅವನು ಗಾಜಿಗೆ ಹತ್ತಿರ ನಿಂತ. ಮೊದಲಿಗೆ ಹೆಂಡತಿ ಯಾರೆಂದೇ ತಿಳಿಯಲಿಲ್ಲ. ಎಲ್ಲರೂ ಮುಖಗವಸು, ಟೋಪಿ ಹಾಕಿದ್ದರು. ಆಮೇಲೆ ಬೆನ್ನು ಬಾಗಿದ ರೀತಿಯಿಂದ ಗುರುತಿಸಿದ. ಗಾಜಿನ ಪೆಟ್ಟಿಗೆಯೊಂದರ ಕಿಂಡಿಯಲ್ಲಿ ಎರಡೂ ಕೈ ತೂರಿಸಿ ಅವಳು ನಿಂತಿದ್ದಳು. ಒಳಗಿನ ಕೂಸು ಅವನ ಒಂದು ಕಿಲೋ ಕಲ್ಲಿನಷ್ಟು ತೂಗೀತು, ಅಷ್ಟೆ. ಅದರ ಮೂಗಿಗೆ ನೂಲಿನಷ್ಟು ತೆಳ್ಳಗಿನ ನಳಿಗೆ. ಅವಳು ಒಂದು ಕೈಯಲ್ಲಿ ಹಾಲಿನ ಕೊಳವೆ ಎತ್ತಿ ಹಿಡಿದಿದ್ದಳು. ಹಾಲು ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ಅವಳು ಒತ್ತುತ್ತಿರಲಿಲ್ಲ, ಅಲುಗಾಡುತ್ತಲೂ ಇರಲಿಲ್ಲ. ಪಕ್ಕದಲ್ಲಿ ಎಳೆಯ ದಾದಿಯೊಬ್ಬಳು ಕತ್ತು ಚಾಚಿ ಅವಳ ಕೈಯನ್ನೇ ನೋಡುತ್ತಿದ್ದಳು.

ಒಮ್ಮೆ ಅವಳು ತಲೆಯೆತ್ತಿದಳು. ಅವನನ್ನು ಕಂಡಳು. ಮತ್ತೆ ತಲೆ ತಗ್ಗಿಸಿದಳು. ಅವಳು ಹೊರಗೆ ಬಂದದ್ದು ಮುಕ್ಕಾಲು ಗಂಟೆಯ ಮೇಲೆ.

"ಎಲ್ಲಿ?"

ಅವನು ತೋರಿಸಿದಲ್ಲಿ ಸಹಿ ಹಾಕಿದಳು. "ತಿಂಗಳ ಲೆಕ್ಕ ಸರಿಯಾಗಿ ಬರೆಸಿ. ಹದಿನಾಲ್ಕು ವರ್ಷ ಈ ವಾರ್ಡು, ಅದಕ್ಕೆ ಮುಂಚೆ ಹೆರಿಗೆ ವಾರ್ಡು," ಎಂದು ಒಳಗೆ ಹೋದಳು.

ಅವನು ಆ ದಿನವೂ ಮಾರನೆಯ ದಿನವೂ ಕಚೇರಿಯ ಬೆಂಚು ಬಿಟ್ಟು ಏಳಲಿಲ್ಲ. ಪತ್ರಕ್ಕೆ ಸಹಿ ಹಾಕಬೇಕಾದ ಮೇಟ್ರನ್ ಮೀಟಿಂಗಿನಲ್ಲಿದ್ದಳು, ಆಮೇಲೆ ಊಟಕ್ಕೆ ಹೋದಳು, ಬಂದ ಮೇಲೆ ಮೊಹರು ಸಿಗಲಿಲ್ಲ. ಹದಿನೆಂಟರ ಸಂಜೆ ಕಚೇರಿ ಮುಚ್ಚಲು ಹತ್ತು ನಿಮಿಷವಿರುವಾಗ ಪತ್ರ ಕೈಗೆ ಬಂತು. ಪಾವು ಅದರ ಫೋಟೋ ತೆಗೆದು ಬಂದರಿಗೆ ಕಳಿಸಿದಳು. ಇಪ್ಪತ್ತರ ಬೆಳಿಗ್ಗೆ ಒಂಬತ್ತಕ್ಕೆ ಮಾತಾಡಿಸುತ್ತೇವೆ ಎಂದು ಉತ್ತರ ಬಂತು. ಮಾತಾಡಿದ ಮಾತ್ರಕ್ಕೆ ಕೆಲಸ ಖಾತ್ರಿಯಲ್ಲ ಎಂದೂ ಅದರಲ್ಲಿತ್ತು.

ಹತ್ತೊಂಬತ್ತರಂದು ಮೇಷ್ಟ್ರು ಪೆಟ್ಟಿಗೆ ತೆರೆದು ಕಬ್ಬಿಣದ ಕಲ್ಲುಗಳನ್ನು ಒಂದೊಂದಾಗಿ ನೆಲಕ್ಕಿಡತೊಡಗಿದ. ಹೆಂಡತಿ ಒಣಗಿದ ಬಟ್ಟೆ ಹೊತ್ತು ಬಂದವಳು ಬಾಗಿಲಲ್ಲೇ ನಿಂತಳು.

"ಯಾಕೆ ತೆಗೀತಿದ್ದೀರಿ?"

"ಮೇಲಿನ ಮನೇಲಿ ಇದು ಬೇಕಾಗಲ್ಲ."

"ನಾನು ತೆಗೀರಿ ಅಂದ್ನಾ?"

"ನೀನೇನೂ ಅನ್ನಲಿಲ್ಲ. ನಾನೇ…"

"ಹಾಗಾದ್ರೆ ನನ್ನ ಕಣ್ಣೆದುರಿಗೆ ಬೇಡ. ಆಮೇಲೆ ಅದರ ಭಾರಾನೂ ನಾನೇ ಹೊರಬೇಕಾಗುತ್ತೆ." ಬಟ್ಟೆ ಹಾಸಿಗೆಯ ಮೇಲೆ ಸುರಿದು ಮಡಿಸಲು ಕುಳಿತಳು. ಹತ್ತರ ಕಲ್ಲು ಕೈಯಲ್ಲೇ ಉಳಿದು, ಇಡುವುದೋ ತೆಗೆಯುವುದೋ ತಿಳಿಯದೆ ಅವನು ಸ್ವಲ್ಪ ಹೊತ್ತು ಕುಕ್ಕರಗಾಲಿನಲ್ಲೇ ಇದ್ದ.

ಇಪ್ಪತ್ತರಂದು ಹೆಂಡತಿ ವಾರ್ಡಿಗೆ ರಜೆ ಹೇಳಿ, ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಳು. ಉಳಿದ ಮೂವರು ಅಡುಗೆಮನೆಯಲ್ಲಿ ಚಹಾ ಆರಲು ಬಿಟ್ಟು ಕುಳಿತರು. ಒಂಬತ್ತಕ್ಕೆ ಸರಿಯಾಗಿ ಫೋನು ಬಂತು. ಪದಗಳು ಕೇಳುತ್ತಿರಲಿಲ್ಲ, ಅವಳ ದನಿ ಮಾತ್ರ ಕೇಳುತ್ತಿತ್ತು. ಮೊದಲು ಒಂದೆರಡು ನಿಮಿಷ ಹೂಂ, ಹೌದು ಎಂಬಷ್ಟೇ. ಆಮೇಲೆ ಆ ದನಿ ನಿಲ್ಲಲೇ ಇಲ್ಲ. ಒಮ್ಮೆ ನಕ್ಕಳು ಕೂಡ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ.

"ಇಷ್ಟೊಂದು ಮಾತು ಇವಳ ಹೊಟ್ಟೇಲಿತ್ತೇನೇ?" ಎಂದು ಅಜ್ಜಿ ಪಿಸುಗುಟ್ಟಿದಳು.

"ಶ್… ಅಜ್ಜಿ."

ಮೇಷ್ಟ್ರು ಬಾಗಿಲನ್ನೇ ನೋಡುತ್ತಿದ್ದ. ಅವರು ಒಪ್ಪಲಿ ಎಂದು ಬಯಸುತ್ತಿದ್ದಾನೋ, ಒಪ್ಪದಿರಲಿ ಎಂದೋ ಅವನಿಗೇ ತಿಳಿಯಲಿಲ್ಲ. 

ಬಾಗಿಲು ತೆರೆಯಿತು. ಅವಳ ಕೆನ್ನೆ ಕೆಂಪಾಗಿತ್ತು. ಒಂದು ಲೋಟ ನೀರು ಕುಡಿದಳು.

"ಏನಂದ್ರಮ್ಮ?"

"ಎರಡು ವಾರ ಬಿಟ್ಟು ಹೇಳ್ತಾರಂತೆ. ಇನ್ನೂ ಆರು ಜನ ಇದ್ದಾರಂತೆ."

"ಕೆಳಗಿನ ಮನೆಯೋರಿಗೆ ಇವತ್ತೇ ಕೊನೇ ದಿನ," ಎಂದ ಮೇಷ್ಟ್ರು ಮೆಲ್ಲಗೆ.

"ಗೊತ್ತು. ಹಾಳೆ ತಗೊಳ್ಳಿ. ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರೀರಿ. ಪಾವು ಫೋಟೋ ತೆಗೆದು ಕಳಿಸ್ತಾಳೆ."

ಅವನು ಮೇಜಿನ ಮೇಲಿನ ತುಣುಕುಗಳನ್ನು ಒರೆಸಿ ಹಾಳೆ ಹರಡಿದ. "ಏನಂತ?"

"ಬರಲ್ಲ ಅಂತ."

ಅಜ್ಜಿ ಲೋಟ ಕೆಳಗಿಟ್ಟಳು. ಪಾವು ಒಮ್ಮೆ ಅಮ್ಮನನ್ನೂ ಒಮ್ಮೆ ಅಪ್ಪನನ್ನೂ ನೋಡಿದಳು. ಮೇಷ್ಟ್ರು ಲೇಖನಿ ಹಿಡಿದ. ಮಾನ್ಯರೇ ಎಂದು ಬರೆದು, ತನಗೆ ಬರುವ ಗೌರವದ ಧಾಟಿಯಲ್ಲಿ ಮುಂದುವರಿಸಿದ: ತಾವು ನೀಡಿದ ಅವಕಾಶಕ್ಕೆ ನಾವು ಋಣಿಗಳು, ಆದರೆ ಸದ್ಯದ ಪರಿಸ್ಥಿತಿಯಲ್ಲಿ ಬರಲು ನಮಗೆ ಸಾಧ್ಯವಾಗುತ್ತಿಲ್ಲ.

ಅವಳು ಭುಜದ ಮೇಲಿಂದ ಬಗ್ಗಿ ಓದಿದಳು. "ಸಾಧ್ಯ ಇಲ್ಲ ಅಂತ ನಾನೆಲ್ಲಿ ಹೇಳಿದೆ? ಇಷ್ಟ ಇಲ್ಲ ಅಂತ ಬರೀರಿ."

"ಹಾಗೆ ಬರೆದ್ರೆ ಒರಟಾಗುತ್ತೆ."

"ಆಗಲಿ. ಆಮೇಲೆ ಈ 'ನಾವು' ಬೇಡ. 'ನಮಗೆ' ಬೇಡ. ಕೆಲಸಕ್ಕೆ ಕರೆದಿದ್ದು ನನ್ನನ್ನ. ನಾನು, ನನಗೆ."

ಅವನು ಲೇಖನಿ ಎತ್ತಿ ಹಿಡಿದು ತಡೆದ. "ಅವರು ಬೇಡ ಅಂದುಬಿಟ್ರೆ? ವರ್ಷದ ಕೊನೆಗೆ ಇಲ್ಲೂ ಕಳಿಸಿಬಿಟ್ರೆ? ಕೈಯಲ್ಲಿರೋದೂ ಹೋಗುತ್ತೆ."

"ಹೋಗಬಹುದು."

"ಹೆದರಿಕೆ ಆಗಲ್ವೇನೇ?"

"ಆಗುತ್ತೆ. ಬೆಳಗಿಂದ ಕೈ ತಣ್ಣಗಿದೆ ನೋಡಿ." ಅವಳು ಅಂಗೈ ಅವನ ಮುಂದೆ ಚಾಚಿದಳು. ಅವನು ಮುಟ್ಟಿ ನೋಡುವ ಮೊದಲೇ ಹಿಂದೆಗೆದುಕೊಂಡಳು. "ಬರೀರಿ."

ಬರೆದ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟು ಅವನು ಬೇರೆ ಹಾಳೆ ತೆಗೆದ. ಮಾನ್ಯರೇ. ಅದರ ಕೆಳಗೆ, ನನಗೆ. ಅಲ್ಲಿಗೆ ಅವನ ಕೈ ನಿಂತಿತು.

"ಒಂದು ವೇಳೆ ಅವರು ಹೂಂ ಅಂದ್ರೆ," ಎಂದ, ಹಾಳೆಯಿಂದ ಕಣ್ಣೆತ್ತದೆ, "ನಾನೂ ಜೊತೆಗೆ ಬರಲಾ?"

"ಕೇಳ್ತಿದ್ದೀರೋ, ಹೇಳ್ತಿದ್ದೀರೋ?"

"ಕೇಳ್ತಿದ್ದೀನಿ."

ಅವಳು ಮೇಜಿನ ಮೇಲಿನ ಲೋಟಗಳನ್ನು ಒಂದು ಕಡೆ ಸೇರಿಸಿದಳು.

"ಮೊದಲು ಕಾಗದ ಮುಗಿಸಿ," ಎಂದಳು ಹೆಂಡತಿ. "ಆಮೇಲೆ ಯೋಚನೆ ಮಾಡಿ ಹೇಳ್ತೀನಿ."